ತಳ ಮುಟ್ಟುವ ತನಕ ಉರಿಯಬೇಕಾದ ಬತ್ತಿ

ಹಗೇವಿನೊಳಕ್ಕೆ ಇಳಿಬಿಟ್ಟ ಮೇಣದ ಬತ್ತಿ ಆರಿಹೋಯಿತು. ಸುತ್ತ ನಿಂತವರು ನಕ್ಕರು. ಕದರಮ್ಮನೊಬ್ಬಳು ಮಾತ್ರ ನಗಲಿಲ್ಲ.

ಮಿಡಿಗೇಶಿಯಲ್ಲಿ ಹಗೇವು ತೆಗೆಯುವುದೆಂದರೆ ಹುಡುಗಾಟವಲ್ಲ. ನೆಲದೊಳಗೆ ತೋಡಿದ ಕಣಜ ಅದು. ಬಾಯಿ ಒಬ್ಬ ಮನುಷ್ಯ ನುಸುಳುವಷ್ಟು, ಹೊಟ್ಟೆ ಕೋಣೆಯಷ್ಟು. ರಾಗಿ ತುಂಬಿ, ಚಪ್ಪಡಿ ಮುಚ್ಚಿ, ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಕೆಡದು. ಆದರೆ ಒಳಗೆ ಕಟ್ಟಿಕೊಂಡ ಗಾಳಿ ಕೆಟ್ಟಿತೋ, ಇಳಿದವನು ಕೂಗುವುದಕ್ಕೂ ಪುರುಸೊತ್ತಿಲ್ಲದೆ ಮಲಗಿಬಿಡುತ್ತಾನೆ. ಅದಕ್ಕೇ ಮೊದಲು ಬೆಂಕಿ ಇಳಿಸಿ ನೋಡುವುದು. ಉರಿದರೆ ಮನುಷ್ಯ ಇಳಿಯಬಹುದು, ಆರಿದರೆ ಕಾಯಬೇಕು. ಎಣ್ಣೆ ದೀಪವಾದರೆ ವಾಲಿ ರಾಗಿಯ ಮೇಲೆ ಚೆಲ್ಲುತ್ತದೆ. ಸೀಮೆಎಣ್ಣೆಯೋ, ಯುದ್ಧದ ಕಾಲದಲ್ಲಿ ಮನೆಗೇ ಸಿಗುತ್ತಿರಲಿಲ್ಲ. ಹೀಗಾಗಿ ಜೇನುಮೇಣದ ಬತ್ತಿ. ಅದನ್ನು ಮಾಡುವವಳು ಕದರಮ್ಮ. ಹಗೇವಿಗೆ ಇಳಿಯುವವನು ಅವಳ ಗಂಡ, ಸೋದರಮಾವನೂ ಆದ ಬೊಮ್ಮಣ್ಣ.

ನಗುವಿಗೆ ಕಾರಣವಿತ್ತು. ಹೋದ ವರ್ಷ ಕದರಮ್ಮ ಅವಸರ ಮಾಡಿದ್ದಳು. ಕಾಯಿಸಿದ ಮೇಣದಲ್ಲಿ ನೀರು ಉಳಿದು, ಬತ್ತಿ ಚಟಪಟ ಅಂದು ಅಂದು ಆರಿತ್ತು. ಆರಿದ್ದು ಗಾಳಿಯಿಂದ ಎಂದುಕೊಂಡು ಊರ ಜನ ಇಡೀ ದಿನ ಬಿಸಿಲಲ್ಲಿ ಕಾದಿದ್ದರು. ಕೊನೆಗೆ ಬೊಮ್ಮಣ್ಣ ರೇಗಿ ಇಳಿದರೆ, ಗಾಳಿಗೇನೂ ಆಗಿರಲಿಲ್ಲ. ಅವತ್ತಿನಿಂದ ಯಾವುದು ಕೈಕೊಟ್ಟರೂ ಮಿಡಿಗೇಶಿಯವರು ‘ಕದರಮ್ಮನ ಬತ್ತಿ’ ಎನ್ನುತ್ತಿದ್ದರು. ನಾಲಿಗೆಗೆ ಕೆಲಸವಿಲ್ಲದ ಜನ!

ಆದರೆ ಈ ವರ್ಷ ಅವಳು ಮೇಣವನ್ನು ಎರಡು ಸಲ ಕಾಯಿಸಿ, ತಾನಾಗಿ ಆರಲು ಬಿಟ್ಟು, ಅಡಿಯ ಕಸರು ಹೆರೆದು, ಹಳೆ ಸೀರೆಯಲ್ಲಿ ಸೋಸಿದ್ದಳು. ನೂಲನ್ನು ಬಿಸಿಲಲ್ಲಿ ಗರಿಗರಿ ಒಣಗಿಸಿ ಹೊಸೆದಿದ್ದಳು. ಒಂದು ಪದರ ಆರಿದ ಮೇಲೆ ಇನ್ನೊಂದು ಪದರ ಅದ್ದಿದ್ದಳು. ಬತ್ತಿಗಳನ್ನು ಬಟ್ಟೆಯಲ್ಲಿ ಸುತ್ತಿ, ಇಲಿ ಬಾರದಂತೆ ಮಡಕೆಗೆ ಹಾಕಿ, ಒಲೆಯಿಂದ ದೂರ ತಣ್ಣಗಿನ ಮೂಲೆಯಲ್ಲಿ ಇಟ್ಟಿದ್ದಳು. ಇವತ್ತು ಬರುವಾಗಲೂ ಉಗುರಿನಿಂದ ಗೀರಿ, ಮೂಸಿ, ನೂಲು ನಟ್ಟನಡುವೆ ಇರುವುದನ್ನೇ ಆರಿಸಿ ತಂದಿದ್ದಳು. ಅದೇ ಈಗ ದಾರ ಕಟ್ಟಿದ ತೆಂಗಿನ ಕರಟದೊಳಗೆ ಹೊಗೆಯಾಡುತ್ತಾ ಮೇಲೆ ಬಂತು.

“ಇದು ಗಾಳಿ ಕಣ್ ಮಾವ. ಬತ್ತಿ ಅಲ್ಲ,” ಎಂದಳು.

“ಆಣೆ ಮಾಡ್ತೀಯಾ?” ಎಂದ ಬೊಮ್ಮಣ್ಣ, ಸೊಂಟಕ್ಕೆ ಹಗ್ಗ ಸುತ್ತಿಕೊಳ್ಳುತ್ತಾ.

ಕದರಮ್ಮ ಕರಟದೊಳಗಿನ ಬತ್ತಿಯನ್ನು ಮತ್ತೆ ಮೂಸಿ ನೋಡಿದಳು. ಹೋದ ವರ್ಷವೂ ಬತ್ತಿ ಚೆನ್ನಾಗಿದೆ ಎಂದೇ ಅವಳು ನಂಬಿದ್ದಳು.

ಹಗೇವು ನಂದೀಶ್ವರಯ್ಯನವರದು. ಅವರು ಒಳ್ಳೆಯವರೇ, ಆದರೆ ಅವಸರದಲ್ಲಿದ್ದರು. ರಾಗಿ ಪಟ್ಟನಾಯಕನಹಳ್ಳಿ ಮಠದ ದಾಸೋಹಕ್ಕೆ ಹೋಗಬೇಕಿತ್ತು. ಗಾಡಿ ಕಟ್ಟಿ ನಿಂತಿತ್ತು. “ಇದುಕ್ಕೇ ನಾನು ಮಧುಗಿರಿಯಿಂದ ಅಂಗಡಿ ಬತ್ತಿ ತರಿಸಿವ್ನಿ ಕಣ್ಲಾ ಬೊಮ್ಮ,” ಎಂದು ಅವರು ಬೆಳ್ಳಗಿನ, ನೆಟ್ಟಗಿನ ಬತ್ತಿಯೊಂದನ್ನು ತೆಗೆದರು. ನೋಡಲು ಅದೆಷ್ಟು ಚಂದ! ಅಂಗಡಿಯ ಬತ್ತಿಗೆ ದನದ ಕೊಬ್ಬು ಬೆರೆಸುತ್ತಾರೆಂದು ಅವರು ಎಲ್ಲೋ ಕೇಳಿದ್ದರು. ಮಠದ ರಾಗಿಯ ಮೇಲೆ ಅದರ ಒಂದು ತೊಟ್ಟು ಬಿದ್ದರೂ ಮೈಲಿಗೆ. ಹಾಗಾಗಿ ಬತ್ತಿಯನ್ನು ಕೈಯಲ್ಲೇ ಹಿಡಿದು, ಹಗೇವಿನ ಕತ್ತಿನ ತನಕ ಮಾತ್ರ ಇಳಿಸಿ, ತೊಟ್ಟಿಕ್ಕದಂತೆ ಅದರ ಕೆಳಗೆ ಎಲೆ ಹಿಡಿದರು. ಬತ್ತಿ ಢಾಳಾಗಿ ಉರಿಯಿತು.

“ನೋಡ್ರಪ್ಪ!” ಎಂದರು. ಎಲ್ಲರಿಗೂ ಸಮಾಧಾನವಾಯಿತು. ಬೊಮ್ಮಣ್ಣ ಹೆಂಡತಿಯ ಕಡೆ ನೋಡಿ ಕಣ್ಣು ಹೊಡೆದ.

ಕದರಮ್ಮ ಕರಟ ಎತ್ತಿಕೊಂಡು ಗೋಡೆಯ ಆಚೆ ಹೋದಳು. ಮೊದಲ ಕಡ್ಡಿ ಹೊತ್ತಲಿಲ್ಲ; ಮತ್ತೊಂದು ಗೀರಿದಳು. ನೂಲಿನ ಕರಿ ಚಿವುಟಿ ಹಚ್ಚಿದಳು. ಬೆಟ್ಟದ ಕಡೆಯ ಗಾಳಿಗೆ ಉರಿ ಬಾಗಿತು, ಬಳುಕಿತು, ಆರಲಿಲ್ಲ. ಚಟಪಟ ಇಲ್ಲ, ಹೊಗೆ ಇಲ್ಲ. ಬತ್ತಿ ಅಪ್ಪಟವಾಗಿತ್ತು. ಅದನ್ನು ಕಂಡು ಹಿಗ್ಗಬೇಕಾದವಳು ಭಯದಿಂದ ಬೆವೆತುಹೋದಳು. ಬತ್ತಿ ಸರಿಯಿದ್ದರೆ ಗಾಳಿ ಸರಿಯಿಲ್ಲ.

ಓಡಿ ಬರುವಷ್ಟರಲ್ಲಿ ಬೊಮ್ಮಣ್ಣ ಒಳಗೆ ರಾಗಿಯ ಮೇಲೆ ನಿಂತಿದ್ದ. ಅವನ ತಲೆ ಹಗೇವಿನ ಬಾಯಿಯ ಮಟ್ಟಕ್ಕೆ ಕಾಣುತ್ತಿತ್ತು.

“ಮಾವ, ಬಂದ್ಬುಡು! ಬತ್ತಿ ಚೆನ್ನಾಗೈತೆ ಕಣ್ ಮಾವ, ನಿನ್ ದಮ್ಮಯ್ಯ!”

“ಲೇ ಕದ್ರಿ, ಬದುಕಿವ್ನಲ್ಲೇ ನಾನು?” ಎಂದು ಅವನು ನಕ್ಕ. ಬಗ್ಗಿ ಒಂದು ಕುಕ್ಕೆ ರಾಗಿ ತುಂಬಿ ಮೇಲೆ ಕೊಟ್ಟೂಬಿಟ್ಟ. ಹಗ್ಗ ಹಿಡಿದಿದ್ದ ಮೂಡಲಗಿರಿಯಪ್ಪನೂ ನಕ್ಕ. ಅವಳ ಮಾತಿಗೆ ಇನ್ನೇನು ಬೆಲೆ?

ಕದರಮ್ಮ ಚಪ್ಪಡಿಯ ಪಕ್ಕ ಬೋರಲು ಮಲಗಿ, ಉರಿಯುವ ಬತ್ತಿಯನ್ನು ಗಂಡನ ಭುಜದ ಪಕ್ಕದಲ್ಲೇ ಇಳಿಬಿಟ್ಟಳು. ಎದೆಯ ತನಕ ಉರಿಯಿತು. ಸೊಂಟದ ಹತ್ತಿರ ಚಿಕ್ಕದಾಯಿತು. ಮೊಣಕಾಲಿನ ಹತ್ತಿರ, ಯಾರೋ ಬೆರಳಿಂದ ಚಿವುಟಿದ ಹಾಗೆ, ಇಲ್ಲವಾಯಿತು.

“ಬಗ್ಗಬ್ಯಾಡ! ಕೆಟ್ ಗಾಳಿ ಕೆಳಗೈತೆ, ಬಗ್ಗಬ್ಯಾಡ!”

ಅವನು ಎರಡನೆಯ ಕುಕ್ಕೆಗೆ ಬಗ್ಗಿದ. ಈ ಸಲ ಕುಕ್ಕೆಯ ಸದ್ದು ಬೇಗ ನಿಂತಿತು.

ಹೆಂಡತಿಯಾದವಳು ನಾಲ್ಕು ಜನರೆದುರು ಗಂಡನ ಜುಟ್ಟು ಹಿಡಿಯುವುದುಂಟೇ? ಕದರಮ್ಮ ಹಿಡಿದಳು. ಉಸಿರು ಬಿಗಿಹಿಡಿದು, ಸೊಂಟದ ತನಕ ಹಗೇವಿನೊಳಕ್ಕೆ ಬಾಗಿ, ಎರಡೂ ಕೈಯಿಂದ ಜುಟ್ಟಿಗೆ ಜೋತುಬಿದ್ದಳು. ಈಗ ಬೈಯುತ್ತಾನೆ, ಈಗ ಕೈ ಎತ್ತುತ್ತಾನೆ ಎಂದು ಕಾದಳು. ಬೈಯಲಿ ದೇವರೇ, ಒಂದು ಸಲ ಬೈಯಲಿ. ಬೈಗುಳ ಬರಲಿಲ್ಲ. ಕೈಯಲ್ಲಿದ್ದ ತಲೆ ಬರಬರುತ್ತಾ ಭಾರವಾಯಿತು.

“ಎಳೀರೋ!” ಎಂದು ಅವಳು ಕಿರುಚಿದ್ದು ಬೆಟ್ಟದ ತನಕ ಕೇಳಿಸಿತಂತೆ.

ಮೂಡಲಗಿರಿಯಪ್ಪ ಎಳೆದ, ನಂದೀಶ್ವರಯ್ಯನವರೂ ಪಂಚೆ ಜಾರಿದ್ದು ಲೆಕ್ಕಿಸದೆ ಎಳೆದರು. ಬೊಮ್ಮಣ್ಣನ ಮುಖ ನೀಲಿಗಟ್ಟಿತ್ತು. ಅವನನ್ನು ಮಲಗಿಸಿ, ಎದೆ ನೀವಿ, ಬೀಸಿದರು. ಅಷ್ಟು ಹೊತ್ತೂ ಕದರಮ್ಮನಿಗೆ ಅಳುವೂ ಬರಲಿಲ್ಲ. ಅವನ ಮೂಗಿನ ಹತ್ತಿರ ಬೆರಳಿಟ್ಟು ಕೂತಿದ್ದಳು. ಕೊನೆಗೆ ಬೆರಳಿಗೆ ಬೆಚ್ಚಗೆ ತಾಗಿತು. ಅವನು ಕೆಮ್ಮಿ, ಕಾರಿಕೊಂಡು, ಕಣ್ಣು ಬಿಟ್ಟ.

“ಜುಟ್ಟು ನೋಯ್ತೈತೆ ಕಣೆ,” ಎಂದ. ಆಗ ಅವಳು ಗೊಳೋ ಎಂದು ಅತ್ತಳು.

ರಾಗಿ ಹೊರಬರುವುದು ಎರಡು ದಿನ ತಡವಾಯಿತು. ಎಲ್ಲೋ ಮಳೆನೀರು ಇಳಿದು ತಳದ ರಾಗಿ ಕೊಳೆತು ಗಾಳಿ ಕೆಟ್ಟಿತ್ತು. ಊರಿನಲ್ಲಿ ನಗು ನಿಂತುಹೋಯಿತು. ‘ಕದರಮ್ಮನ ಬತ್ತಿ’ ಎಂದರೆ ಈಗ ಜನ ಕೈ ಮುಗಿಯುವುದೊಂದೇ ಬಾಕಿ. ಅವಳಿಗೆ ಖುಷಿಯಾಯಿತು ಎಂದುಕೊಂಡಿರಾ? ಅವಳ ನಿದ್ದೆಯೇ ಹಾರಿಹೋಯಿತು.

ಯಾಕೆಂದರೆ ಒಂದು ಮಧ್ಯಾಹ್ನ, ಬೊಮ್ಮಣ್ಣನ ಹಾಗೆ ಹಗೇವಿಗೆ ಇಳಿಯುವ ರಂಗಯ್ಯನ ಹೆಂಡತಿ ಕೆಂಚಮ್ಮ ಬಾಗಿಲಿಗೆ ಬಂದಳು. “ಅಕ್ಕಾ, ಒಂದ್ ಬತ್ತಿ ಕೊಡು. ನಾಳೆ ನಮ್ಮೋರು ಪಾವಗಡದ ದಾರೀಲಿ ಒಂದ್ ಹಗೇವಿಗೆ ಇಳೀತಾರೆ. ಕದರಮ್ಮನ ಬತ್ತಿ ಉರುದ್ರೆ ಸಾಕು, ಕಣ್ ಮುಚ್ಕೊಂಡು ಇಳೀತೀನಿ ಅಂತವ್ರೆ.”

ಕಣ್ಣು ಮುಚ್ಚಿಕೊಂಡು! ಕದರಮ್ಮ ಒಂದು ಬತ್ತಿ ತೆಗೆದು ಗೀರಿ ನೋಡಿದಳು, ಮೂಸಿದಳು, ವಾಪಸ್ಸು ಇಟ್ಟಳು. ಇನ್ನೊಂದು ತೆಗೆದಳು. ಅದನ್ನೂ ಇಟ್ಟಳು. ಎಲ್ಲವೂ ಚೆನ್ನಾಗಿದ್ದವು, ಯಾವುದನ್ನೂ ಕೊಡುವ ಧೈರ್ಯ ಬರಲಿಲ್ಲ. ಕೊನೆಗೆ ಒಂದನ್ನು ಆರಿಸಿದಾಗ ಕೆಂಚಮ್ಮ ಸೆರಗು ಒಡ್ಡಿದಳು. ಕದರಮ್ಮ ಬತ್ತಿಯನ್ನು ಕೈಯಿಂದ ಬಿಡಲಿಲ್ಲ.

“ನಾಳೆ ನಾನೂ ಬರ್ತೀನಿ ನಡಿ,” ಎಂದಳು. “ತಳ ಮುಟ್ಟೋಗಂಟ ದಾರ ನಾನೇ ಬುಡ್ತೀನಿ.”