ಬೀಗರ ಮೀನಖಂಡ

ಜಿವೋಯಿನ್‌ನ ಬಲಗಾಲಿನ ಮೀನಖಂಡ ಬುಧವಾರದಿಂದ ಚುಳುಚುಳು ಎನ್ನುತ್ತಿತ್ತು. ಭಾನುವಾರ ನೋವಿ ಸಾದ್ ಊರಿನಲ್ಲಿ ಡ್ಯಾನ್ಯೂಬ್ ನದಿಯ ದಂಡೆಯ ಓಟ. ಹೋದ ವರ್ಷ ಅದರಲ್ಲಿ ಬೀಗರಾದ ಬುದಿಮೀರ್ ಅವನಿಗಿಂತ ಮುಂದೆ ಬಂದಿದ್ದರು. ಬಂದವರು ಸುಮ್ಮನಿರಬೇಕೋ ಬೇಡವೋ? ಮದುವೆ, ನಾಮಕರಣ, ಕೊನೆಗೆ ಸತ್ತವರ ಮನೆಯ ಊಟವನ್ನೂ ಬಿಡದೆ ಆ ಕಥೆ ಹೇಳಿಕೊಂಡು ತಿರುಗಿದ್ದರು. ಈ ಸಲವೂ ಸೋತರೆ ಊರು ಬಿಡುವುದೇ ವಾಸಿ ಎಂದು ಜಿವೋಯಿನ್‌ಗೆ ಅನ್ನಿಸಿತ್ತು.

ಮಗಳು ಯಾಸ್ನಾ ಫಿಜಿಯೋಥೆರಪಿಸ್ಟ್. ಬುದಿಮೀರ್ ಅವರ ಸೊಸೆಯೂ ಅವಳೇ. ಅಪ್ಪನ ಕಾಲು ಒತ್ತಿ ನೋಡಿದಳು.

"ಅಪ್ಪಾ, ಹಿಮ್ಮಡಿ ಎತ್ತಿ ಇಳಿಸೋ ವ್ಯಾಯಾಮ ಹೇಳ್ಕೊಟ್ಟಿದ್ನಲ್ಲ, ಮಾಡ್ತಿದ್ದೀಯಾ?"

"ದಿನಾ ಮಾಡ್ತೀನಿ ಕಣೇ."

"ಯಾವ ಕಾಲಿಂದ ಶುರು ಮಾಡ್ತೀಯ?"

"ಯಾವ್ದು ಸಿಗುತ್ತೋ ಅದರಿಂದ."

"ಈ ಭಾನುವಾರ ಓಡ್ಬೇಡ. ಸ್ನಾಯು ಹರಿದುಹೋಗುತ್ತೆ."

"ಹರಿದ್ಮೇಲೆ ಬರ್ತೀನಿ ಬಿಡು. ಏನೂ ಆಗ್ದೇ ಇರೋ ಕಾಲಿಗೆ ಏನಂತ ಔಷಧಿ ಮಾಡ್ತೀಯ?"

ನೋವಿನ ಮೂಲ ಅವನಿಗೆ ಚೆನ್ನಾಗಿ ಗೊತ್ತಿತ್ತು. ಬುಧವಾರ ಗೆಳೆಯ ಮಿಲೋಯೆ ಕಾರಿನ ಎರಡೂ ಬದಿಯ ಕಿಟಕಿ ತೆರೆದಿದ್ದ. ಎದುರುಬದುರು ಕಿಟಕಿಯ ಗಾಳಿ ಹೊಕ್ಕರೆ ಆಳು ಉಳಿಯುವುದೇ ಹೆಚ್ಚು, ಇನ್ನು ಮೀನಖಂಡ ಯಾವ ಲೆಕ್ಕ. ಅವನ ಜೊತೆ ಓಡುವವರೆಲ್ಲರದೂ ಇದೇ ಮತ. ಓಟಕ್ಕೆ ಮುಂಚೆ ಮೈ ಬಿಸಿ ಮಾಡಿಕೊಳ್ಳುವುದೆಂದರೆ ಆ ಪುಣ್ಯಾತ್ಮರಿಗೆ ಒಂದು ಕಾಫಿ, ಒಂದು ಸಿಗರೇಟು.

ಗಾಳಿಗೆ ಮದ್ದು ರಾಕಿಯಾ ಸಾರಾಯಿ. ಶನಿವಾರ ಅವನು ಹಳೇ ಉಣ್ಣೆಯ ಕಾಲುಚೀಲವನ್ನು ಮನೆಯಲ್ಲೇ ಇಳಿಸಿದ ಪ್ಲಮ್ ಹಣ್ಣಿನ ರಾಕಿಯಾದಲ್ಲಿ ಅದ್ದಿ, ಕಾಲಿಗೆ ಸುತ್ತಿ, ಮೇಲೆ ಪ್ಲಾಸ್ಟಿಕ್ ಚೀಲ ಬಿಗಿದು ಮಲಗಿದ. ಹೆಂಡತಿ ದೆಸಾಂಕಾ ದಿಂಬು ಎತ್ತಿಕೊಂಡು ಹೊರಟಳು.

"ನೀನೂ ನಿನ್ನ ಕಾಲೂ ಕುಡ್ಕೊಂಡು ಬಿದ್ಕೊಳ್ಳಿ. ನಾನು ಆಚೆ ಕೋಣೇಲಿರ್ತೀನಿ."

ಬೆಳಿಗ್ಗೆ ಕಾಲು ಬೆಚ್ಚಗಿತ್ತು, ನೋವಿನ ಸುಳಿವೇ ಇರಲಿಲ್ಲ. ಜಿವೋಯಿನ್ ಕುದುರೆಯ ಹಾಗೆ ಓಡಿದ. ಸೇತುವೆಯ ಹತ್ತಿರ ಬೀಗರನ್ನು ಹಿಂದೆ ಹಾಕಿದಾಗ ಅವನಿಗೆ ಸ್ವರ್ಗಕ್ಕೆ ಮೂರೇ ಗೇಣು. ಗುರಿಯ ಗೆರೆ ಕಣ್ಣಿಗೆ ಬಿತ್ತು, ಮೀನಖಂಡ ಟಪ್ಪೆಂದಿತು.

ಒಂಟಿಕಾಲಲ್ಲಿ ಕುಪ್ಪಳಿಸುತ್ತಾ ಹಿಂದೆ ನೋಡಿದ. ಬುದಿಮೀರ್ ತೊಡೆ ಹಿಡಿದುಕೊಂಡು ಏಡಿಯಂತೆ ಅಡ್ಡಡ್ಡ ಬರುತ್ತಿದ್ದರು.

"ಏನಾಯ್ತು ಬೀಗ್ರೇ, ಕಾಲಿಗೆ?"

"ಏನಿಲ್ಲಪ್ಪ, ಕೊನೇಲಿ ನಾನು ಓಡೋದೇ ಹೀಗೆ. ನಿಮ್ಗೇನಾಯ್ತು?"

"ನಾನೂ ಹೊಸ ಥರ ಓಡ್ತಿದ್ದೀನಿ."

ಮಗುವಿನ ಗಾಡಿ ತಳ್ಳಿಕೊಂಡು ಹೆಂಗಸೊಬ್ಬಳು ಇಬ್ಬರನ್ನೂ ದಾಟಿ ಹೋದಳು. ಅವಳು ಗಾಳಿಸೇವನೆಗೆ ಬಂದವಳು. ಗೆರೆಯ ಬಳಿ ಬೀಗರಿಬ್ಬರೂ ಒಬ್ಬರನ್ನೊಬ್ಬರು ಹಿಂದಕ್ಕೆ ಎಳೆಯಲು ಹೋಗಿ ದೊಪ್ಪನೆ ಒಟ್ಟಿಗೇ ಗೆರೆಯಾಚೆ ಬಿದ್ದರು. ಯಾರು ಮೊದಲು ದಾಟಿದರೆಂದು ದೇವರಿಗೂ ತಿಳಿಯಲಿಲ್ಲ.

ಚಿಕಿತ್ಸೆಯ ಡೇರೆಯಲ್ಲಿ ಕೆಲಸಕ್ಕಿದ್ದ ಯಾಸ್ನಾ ಇಬ್ಬರನ್ನೂ ಅಕ್ಕಪಕ್ಕ ಮಲಗಿಸಿದಳು. ಕೋಪಕ್ಕೆ ಐಸ್ ಚೀಲಗಳನ್ನು ಅವರ ಕಾಲ ಮೇಲೆ ಕುಕ್ಕಿದಳು.

"ಮಾವ, ನೀವೂ ದಿನಾ ವ್ಯಾಯಾಮ ಮಾಡಿದ್ರಿ, ಅಲ್ವಾ?"

"ಮಾಡಿದ್ದಕ್ಕೇ ಹೀಗಾಗಿರ್ಬೇಕಮ್ಮ," ಅಂದರು ಬುದಿಮೀರ್.

"ಅಪ್ಪಾ, ನಿಂಗೆ ಆರು ವಾರ ಓಟ ಇಲ್ಲ."

ಜಿವೋಯಿನ್‌ನ ಕಣ್ಣಲ್ಲಿ ನೀರೇ ಬಂತು. ಗೆಲುವೂ ಇಲ್ಲ, ಓಟವೂ ಇಲ್ಲ. "ಅವರಿಗೆ?" ಎಂದು ಮೆಲ್ಲಗೆ ಕೇಳಿದ.

"ಎಂಟು."

ಅವನ ಮುಖ ಊರಗಲವಾಯಿತು. ಆದರೆ ಬುದಿಮೀರ್ ಮೊಣಕೈ ಊರಿ ಎದ್ದು ಕುಳಿತು, ಡೇರೆಗೆಲ್ಲ ಕೇಳುವಂತೆ ಹೇಳಿದರು: "ಕೇಳಿಸ್ಕೊಂಡ್ರಾ ಬೀಗ್ರೇ? ಪೆಟ್ಟಲ್ಲೂ ನಾನೇ ಮುಂದೆ."

ಜಿವೋಯಿನ್ ಮಗಳ ತೋಳು ಹಿಡಿದು ಹತ್ತಿರ ಎಳೆದುಕೊಂಡ.

"ಇನ್ನೊಂದ್ಸಲ ಸರಿಯಾಗಿ ಒತ್ತಿ ನೋಡೇ, ನಮ್ಮಮ್ಮ. ಇದು ಒಂಬತ್ತು ವಾರಕ್ಕೆ ಕಡಿಮೆ ಇಲ್ಲ ಕಣೇ."