ದೇವೇಂದ್ರಪ್ಪನವರಿಗೆ ಚಿಲ್ಲರೆ

“ತಲೆಕೆಳಗ ಮಾಡಿದ್ರೂ ಒಂದು ಪೈ ಬೀಳವಲ್ದು ಅತ್ತಿಗಿ,” ಎನ್ನುತ್ತ ಅಯ್ಯಣ್ಣ ಸಾಸಿವೆ ಡಬ್ಬಿಯನ್ನು ನೆಲಕ್ಕೆ ಕುಕ್ಕಿದ. ಸಾಸಿವೆ ಅಡುಗೆಮನೆಯ ತುಂಬ ಚೆಲ್ಲಾಡಿತು.

“ಅಣ್ಣನ ಹೆಣ ಹೊರಗ ಕುಂತೈತಿ, ನೀ ಒಳಗ ಡಬ್ಬಿ ಒಡಿ,” ಎಂದು ಚನ್ನವೀರಮ್ಮ ಹಣೆ ಚಚ್ಚಿಕೊಂಡಳು. ಬೆಳಗಿನಿಂದ ಅವಳಿಗೆ ಅಳಲೂ ಪುರುಸೊತ್ತು ಸಿಕ್ಕಿರಲಿಲ್ಲ.

ಪಡಸಾಲೆಯಲ್ಲಿ ಅವಳ ಗಂಡ, ಅರ್ಥಶಾಸ್ತ್ರದ ಪ್ರೊಫೆಸರ್ ದೇವೇಂದ್ರಪ್ಪ, ಹಣೆತುಂಬ ವಿಭೂತಿ ಬಳಿಸಿಕೊಂಡು ಗೋಡೆಗೊರಗಿ ಕೂತಿದ್ದರು. ಅವರನ್ನು ಕೂರಿಸಿ ಹೆಗಲ ಮೇಲೆ ಒಯ್ಯಲು ಬಿದಿರಿನ ವಿಮಾನ ಕಟ್ಟಿಯಾಗಿತ್ತು. ಮಕ್ತಲ ಊರಿನಾಚೆ ಅವರ ಹೊಲದಲ್ಲಿ ಸಮಾಧಿ ತೋಡಿಯಾಗಿತ್ತು. ದಾರಿಯುದ್ದಕ್ಕೂ ತೂರುವ ಚಿಲ್ಲರೆಯೊಂದೇ ಇರಲಿಲ್ಲ. ಯುದ್ಧ ಬಂದು ತಾಮ್ರಕ್ಕೆ ಬೆಲೆ ಏರಿದ ಮೇಲೆ ಪೈ, ಆಣೆಗಳೆಲ್ಲ ಬಜಾರಿನಿಂದ ಮಾಯವಾಗಿದ್ದವು. ಕರಗಿಸಿದವರು ಯಾರೋ, ಹೂತವರು ಯಾರೋ. ನಾರಾಯಣಪೇಟೆಗೆ ಹೋಗಿ ಕೇಳಿದವನೂ ಬರಿಗೈಲಿ ಬಂದಿದ್ದ.

“ಚಿಲ್ಲರೆ ತೂರದೇ ಹೆಣ ಎತ್ತಾಕ ಬರಂಗಿಲ್ರಿ,” ಎಂದರು ಮಠದ ಶರಣಯ್ಯ. “ದೊಡ್ಡ ಮನುಷ್ಯಾರು. ಊರು ಏನಂದೀತು?”

“ನಿಮ್ಮ ಜೋಳಿಗ್ಯಾಗ ಇದ್ರ ಕೊಡ್ರಿ ಅಯ್ಯನೋರ.”

ಶರಣಯ್ಯ ಜೋಳಿಗೆಯನ್ನು ಬಗಲಿಗೆ ಒತ್ತಿಕೊಂಡರು. “ನನ್ ಹತ್ರ ಎಲ್ಲಿಂದ ಬರಬೇಕವ್ವ!”

“ನೋಟೇ ತೂರ್ರಿ,” ಎಂದಳು ನೆರೆಮನೆಯ ತಿರುಪತಮ್ಮ. “ನಿಜಾಮರ ನೋಟು ಇವ್ರೇ ಮಾಡತಿದ್ರಂತಲ್ಲ?”

“ಮಾಡತಿರಲಿಲ್ಲವ್ವ,” ಎಂದಳು ಚನ್ನವೀರಮ್ಮ. “ಎಷ್ಟು ಮಾಡಬೇಕಂತ ಮಾಡೋರಿಗೆ ಹೇಳತಿದ್ರು. ಅವರು ಕೇಳತಿರಲಿಲ್ಲ.”

*

ಮದುವೆಯಾದ ಹೊಸತರಲ್ಲಿ ಗಂಡ ಗದ್ವಾಲಕ್ಕೆ ಕರೆದಾಗ ಚನ್ನವೀರಮ್ಮ ಸೀರೆ ಬಂತೆಂದೇ ತಿಳಿದಳು. ಹರಗೋಲಿನಲ್ಲಿ ಕೃಷ್ಣೆ ದಾಟುವಾಗ ಅಂಚು ಹಸಿರಿರಲೋ ಕೆಂಪಿರಲೋ ಎಂಬ ಲೆಕ್ಕಾಚಾರವೂ ನಡೆದಿತ್ತು. ದೇವೇಂದ್ರಪ್ಪ ನೆಟ್ಟಗೆ ಹೋಗಿ ಕೂತದ್ದು ಕೋಟೆಯ ಹತ್ತಿರ ನಾಣ್ಯ ಬದಲಿಸುವ ಒಬ್ಬ ಮುದುಕ ಸರಾಫನ ಮುಂದೆ. ಗದ್ವಾಲ ಸಂಸ್ಥಾನದವರು ತಾವೇ ಅಚ್ಚು ಹಾಕಿಸುತ್ತಿದ್ದ ರೂಪಾಯಿ ಯಾಕೆ ನಿಂತಿತು, ನಿಜಾಮರ ಹಾಲಿ ಸಿಕ್ಕಾ ರೂಪಾಯಿಗಿಂತ ಬ್ರಿಟಿಷರ ಕಲ್ದಾರ ರೂಪಾಯಿ ಯಾಕೆ ಮೇಲು, ಎಂದು ಕೇಳುತ್ತ ಕೇಳುತ್ತ ಹೊತ್ತು ಇಳಿದುಹೋಯಿತು.

ಮರಳುವಾಗ ಅವಳು ಹರಗೋಲಿನಲ್ಲಿ ಮುಖ ತಿರುಗಿಸಿ ಕೂತಳು.

“ಊರ ತುಂಬ ಮಗ್ಗ ಬಡಕೊಂತಿದ್ವು. ಒಂದು ಸೀರಿ ಕಾಣಲಿಲ್ಲೇನ್ರಿ ನಿಮ್ಮ ಕಣ್ಣಿಗೆ?”

“ಚನ್ನಾ, ಆ ನೇಕಾರ ಅಂಥಾ ಸೀರಿ ಕೊಟ್ಟು ಒಂದು ಬಿಲ್ಲೆ ಇಸಗೊಂತಾನ. ಅದನ್ನ ತಿನ್ನಾಕ ಬರಂಗಿಲ್ಲ, ಉಡಾಕ ಬರಂಗಿಲ್ಲ. ಯಾಕ ಇಸಗೊಂತಾನ ಹೇಳು?”

“ನಿಮ್ಮಂಗ ಹುಚ್ಚು ಅವಂಗ.”

“ಹುಚ್ಚಲ್ಲ. ನಾಳೆ ಇನ್ನೊಬ್ಬ ಇಸಗೊಂತಾನ ಅನ್ನೋ ನಂಬಿಗಿ. ಆ ನಂಬಿಗಿ ಕಾಯಾಕ ನಮ್ಮ ರಾಜ್ಯಕ್ಕ ಒಂದು ದೊಡ್ಡ ಬ್ಯಾಂಕು ಬೇಕು.”

ಆ ಮಾತನ್ನೇ ಅವರು ಆಮೇಲೆ ಹೈದರಾಬಾದಿನ ಕಾಲೇಜಿನಲ್ಲಿ ಉರ್ದುವಿನಲ್ಲಿ ಪಾಠ ಮಾಡಿದರು, ಇಂಗ್ಲಿಷಿನಲ್ಲಿ ಬರೆದರು, ತಾಟಿನ ಮುಂದೆ ಕೂತು ಕನ್ನಡದಲ್ಲಿ ಹೇಳಿದರು. ರೊಟ್ಟಿ ಆರುತ್ತಿತ್ತು. ಅವಳ ಕೂದಲು ಬೆಳ್ಳಗಾಯಿತು. ಕಡೆಗೂ ಬ್ಯಾಂಕು ಬಂತು. ಇನ್ನಾದರೂ ಸುಮ್ಮನಾಗುತ್ತಾರೆಂದು ಅವಳು ಆ ದಿನ ಹೋಳಿಗೆ ಮಾಡಿದಳು. ಅವರು ಹೋಳಿಗೆ ಮುರಿಯುತ್ತ, “ಯುದ್ಧ ನಡದೈತಿ. ಇನ್ನ ನೋಟು ಹೆಚ್ಚಾಗತಾವ, ಚಿಲ್ಲರೆ ಮಣ್ಣಾಗ ಹೋಗತೈತಿ, ನೋಡತಿರು,” ಎಂದು ಹೊಸ ಪುರಾಣ ತೆಗೆದರು. ಅಧಿಕಾರಿಗಳ ಮುಂದೆಯೂ ಅದನ್ನೇ ಹೇಳಿದರು. ಅವರು ಚಹಾ ಕುಡಿಸಿ ಕಳಿಸಿದರು.

*

ಬಾಗಿಲಲ್ಲಿ ಕಿರಾಣಿ ಅಂಗಡಿಯ ತಾಯಪ್ಪ ಕಾಣಿಸಿಕೊಂಡ.

ರಜೆಗೆಂದು ಊರಿಗೆ ಬಂದಿದ್ದ ದೇವೇಂದ್ರಪ್ಪ ನಿನ್ನೆ ಅವನ ಅಂಗಡಿಗೆ ಬೆಲ್ಲ ತರಲು ಹೋಗಿದ್ದರು. ಚಿಲ್ಲರೆಯ ಬದಲು ತಾಯಪ್ಪ ಒಂದು ಕಟ್ಟು ವೀಳ್ಯದೆಲೆ, ಒಂದು ಕಡ್ಡಿಪೆಟ್ಟಿಗೆ ಕೊಟ್ಟ. ಊರಿನವರೆಲ್ಲ ಹಾಗೆಯೇ ಇಸಕೊಂಡು ಹೋಗುತ್ತಿದ್ದರು. ಇವರು ಮಾತ್ರ ಅಲ್ಲೇ ನಿಂತು ಕೂಗಾಡಿದರು, ಎದೆ ಹಿಡಿದುಕೊಂಡು ಜೋಳದ ಚೀಲದ ಮೇಲೆ ಕೂತರು, ಮತ್ತೆ ಏಳಲಿಲ್ಲ.

ಅಯ್ಯಣ್ಣ ಮುನ್ನುಗ್ಗಿದ. “ಯಾವ ಮುಖ ಹೊತ್ತು ಬಂದಿಯಲೇ?”

“ನಾ ಏನ್ ಮಾಡಿದ್ನಪಾ? ಎಲ್ಲಾರಿಗೂ ಎಲಿನೇ ಕೊಡತೀನಿ. ಸಾಹೇಬ್ರು ಒಬ್ರೇ ಒದರಿದ್ರು.”

“ಬಿಡು ಅಯ್ಯಣ್ಣ,” ಎಂದು ಚನ್ನವೀರಮ್ಮ ನಡುವೆ ಬಂದಳು. “ತಾಯಪ್ಪ, ಚಿಲ್ಲರೆ ಎಲ್ಲಿ ಹೂಳಿದಿ?”

“ಅಂಗಡ್ಯಾಗ ಒಂದು ಪೈ ಇಲ್ಲ ತಾಯಿ.”

“ಅಂಗಡ್ಯಾಗ ಐತೇನು ಅಂತ ಕೇಳಲಿಲ್ಲ. ಎಲ್ಲಿ ಹೂಳಿದಿ ಅಂತ ಕೇಳಿದೆ.” ಅವಳ ದನಿ ಏರಿತು. “ನೀ ಮುಚ್ಚಿಟ್ಟಿ ಅಂತ ಇನ್ನೊಬ್ಬ ಮುಚ್ಚಿಡತಾನ. ಅವ ಮುಚ್ಚಿಟ್ಟಾನಂತ ಅಯ್ಯನೋರು ಜೋಳಿಗಿ ಒತ್ತಿ ಹಿಡೀತಾರ. ಕೈ ಬದಲಿ ಆಗದಿದ್ರ ಅದು ರೊಕ್ಕ ಹೆಂಗಾತು? ಮಣ್ಣಾಗಿನ ತಾಮ್ರ! ಯಾರಾರ ಒಬ್ರು ಮೊದಲು ತೆಗೀಬೇಕಲ್ಲ?”

ಅಷ್ಟು ಹೇಳಿ ಅವಳೇ ಬೆಚ್ಚಿಬಿದ್ದಳು. ಇಷ್ಟು ವರ್ಷ ರೊಟ್ಟಿ ಬಡಿಯುತ್ತ ಕಿವಿಗೇ ಹಾಕಿಕೊಳ್ಳಲಿಲ್ಲವೆಂದುಕೊಂಡಿದ್ದ ಮಾತು ಬಾಯಿಗೆ ಹೇಗೆ ಬಂತೋ. ಗೋಡೆಗೊರಗಿದ ಗಂಡನ ಕಡೆ ತಿರುಗಿ, “ನಿಮ್ಮ ಹುಚ್ಚು ನನಗೂ ಹಚ್ಚಿಟ್ಟು ಹೋದ್ರಿ,” ಎಂದು ಸಿಡುಕಿದಳು. ಆಗ ಮೊದಲ ಸಲ ಅವಳ ಕಣ್ಣು ತುಂಬಿತು.

ತಾಯಪ್ಪ ಹೊರಟುಹೋದ. ಅವನಿನ್ನು ಬರುವುದಿಲ್ಲವೆಂದು ಎಲ್ಲರೂ ಅಂದುಕೊಳ್ಳುವಷ್ಟರಲ್ಲಿ ಹಸಿಮಣ್ಣು ಮೆತ್ತಿದ ಗಡಿಗೆಯೊಂದನ್ನು ಬಗಲಲ್ಲಿ ಇರುಕಿಕೊಂಡು ಬಂದ. ಯಾರ ಮುಖವನ್ನೂ ನೋಡಲಿಲ್ಲ.

ವಿಮಾನ ಎದ್ದಿತು. ಡೊಳ್ಳು ಬಡಿಯಿತು. ಬಜಾರದ ತಿರುವಿನಲ್ಲಿ ತಾಯಪ್ಪ ಗಡಿಗೆಗೆ ಕೈ ಹಾಕಿ, ಮುಷ್ಟಿಯನ್ನು ಎದೆಯ ಹತ್ತಿರವೇ ಒಂದು ಗಳಿಗೆ ಹಿಡಿದು, ಕಣ್ಣು ಮುಚ್ಚಿ ತೂರಿದ. ಹಸಿರುಗಟ್ಟಿದ ಪೈಗಳು ಕಲ್ಲಿನ ಮೇಲೆ ಗಲಗಲ ಉರುಳಿದವು. ಮುಚ್ಚಿದ್ದ ಅಂಗಡಿಗಳ ಬಾಗಿಲು ತೆರೆದವು. ತಿರುಪತಮ್ಮ ಸೆರಗೊಡ್ಡಿ ಓಡಿದಳು. ಡೊಳ್ಳಿನವರು ಡೊಳ್ಳು ಬಿಟ್ಟರು. ಶರಣಯ್ಯ ಮಂತ್ರ ನಿಲ್ಲಿಸದೆಯೇ ಕಾಲಬೆರಳಿನಲ್ಲಿ ಒಂದಾಣೆಯನ್ನು ಅದುಮಿ ನಿಂತರು. ತಾಯಪ್ಪ ಒಂದು ಕೈಯಲ್ಲಿ ತೂರುತ್ತ ಇನ್ನೊಂದರಲ್ಲಿ ಆಯತೊಡಗಿದ.

“ಹೆಣ ನೋಡ್ರೋ, ಹೆಣ!” ಎಂದು ಚನ್ನವೀರಮ್ಮ ಕಿರುಚಿದಳು.

ಮುಂದೆ ಹೆಗಲು ಕೊಟ್ಟಿದ್ದ ಅಯ್ಯಣ್ಣನೂ ಇನ್ನೊಬ್ಬನೂ ಆಗಲೇ ಚಿಲ್ಲರೆಗೆ ಮೊಣಕಾಲೂರಿದ್ದರು. ವಿಮಾನ ಮುಂದಕ್ಕೆ ವಾಲಿತು. ಹಾರ ಮೂಗಿನ ಮೇಲೆ ಜಾರಿ, ಕುತ್ತಿಗೆ ಬಗ್ಗಿ, ಪ್ರೊಫೆಸರ್ ದೇವೇಂದ್ರಪ್ಪನವರು ಧೂಳಿನಲ್ಲಿ ಕಾದಾಡುವ ಕೈಗಳನ್ನೇ ನೋಡುತ್ತ ಕೂತರು.