ಕೆಳಗಿನ ಬಚ್ಚಲಿನ ಬಿಸಿನೀರು

ಬಿಸಿನೀರು ದಿನವೂ ನಿಂತರೆ ಮನುಷ್ಯರು ಅದಕ್ಕೆ ಒಗ್ಗಿಬಿಡುತ್ತಾರೆ. ಅದಕ್ಕೇ ನಾನು ವಾರಕ್ಕೆ ಮೂರು ದಿನ ಮಾತ್ರ ನಿಲ್ಲಿಸುತ್ತಿದ್ದೆ. ಯಾವ ಮೂರು ದಿನ ಎಂಬುದು ನನಗೊಬ್ಬಳಿಗೇ ಗೊತ್ತು.

ಬಸವಕಲ್ಯಾಣದ ನಮ್ಮ ಮನೆಯ ಮಾಳಿಗೆಯ ಮೇಲೆ ಸೋಲಾರ್ ಟ್ಯಾಂಕಿದೆ. ಅದರಿಂದ ಎರಡು ಪೈಪು ಇಳಿದಿವೆ: ಮೇಲಿನ ಬಚ್ಚಲಿಗೊಂದು, ಅತ್ತೆ ಕಾಂತಾಬಾಯಿಯ ಕೆಳಗಿನ ಬಚ್ಚಲಿಗೊಂದು. ಎರಡಕ್ಕೂ ಒಂದೊಂದು ವಾಲ್. ಜನವರಿಯ ಚಳಿಯಲ್ಲಿ ಅತ್ತೆ ಸ್ನಾನಕ್ಕೆ ಹೊರಟರೆ ನಾನು ಬಟ್ಟೆ ಒಣಹಾಕಲು ಮಾಳಿಗೆ ಹತ್ತುತ್ತಿದ್ದೆ. ಅರ್ಧ ಬಕೆಟ್ಟಿಗೆಲ್ಲ ನಲ್ಲಿ ಗೊರಗೊರ ಎಂದು ಬತ್ತುತ್ತಿತ್ತು. "ಏ ಸರಿತಾ! ನೀರು ನಿಂತ್ವು!" ಎಂಬ ಕೂಗು ಕೇಳಿದರೆ ನನ್ನ ಹೊಟ್ಟೆ ತಣ್ಣಗಾಗುತ್ತಿತ್ತು.

ಕಾರಣವಿಲ್ಲದೆ ಅಲ್ಲ. ಹನ್ನೊಂದು ವರ್ಷದ ಹಿಂದೆ ನಾನು ಬಾಣಂತಿ. ತವರಿನಲ್ಲಿ ತಾಯಿ ಇಲ್ಲದ್ದಕ್ಕೆ ಬಾಣಂತನ ಇಲ್ಲೇ ಆಯಿತು. ಬಡವರ ಮನೆಯ ಬಾಣಂತಿಗೂ ಕುದಿಯುವ ನೀರು ಹಾಕುತ್ತಾರೆ. ನನಗೆ ಮಾತ್ರ ಅತ್ತೆ "ಹಂಡೆ ಸೋರಾಕತ್ತದ" ಎಂದು ತಣ್ಣೀರೇ ಕೊಟ್ಟಳು. ಎದೆಹಾಲು ಬತ್ತಿತು, ಮಗಳು ಬಾಟಲಿ ಹಾಲಿನಲ್ಲಿ ಬೆಳೆದಳು. ಮರುವರ್ಷ ನಾದಿನಿ ಬಾಣಂತನಕ್ಕೆ ಬಂದಾಗ ಅದೇ ಹಂಡೆ ಎರಡು ಹೊತ್ತೂ ಕುದಿಯಿತು, ಒಂದು ಹನಿ ಸೋರಲಿಲ್ಲ. ಆ ಮಾತು ಎತ್ತಿದಾಗಲೆಲ್ಲ ಅತ್ತೆ "ನಂಗೇನೂ ನೆನಪಿಲ್ಲ" ಎನ್ನುತ್ತಿದ್ದಳು. ಸುಳ್ಳು ಹೇಳಿದ್ದೆ ಎಂದು ಅವಳ ಬಾಯಿಂದಲೇ ಹೊರಡಿಸಬೇಕು. ನನಗೆ ಬೇಕಿದ್ದುದು ಅದೊಂದೇ.

ಊರಿನ ಪ್ಲಂಬರ್ ಒಂದು ಸಲ ಪೈಪಿನಲ್ಲಿ ಗಾಳಿ ಸಿಕ್ಕಿದೆ ಎಂದ, ಇನ್ನೊಂದು ಸಲ ನಲ್ಲಿ ಬದಲಿಸಿದ. ಅವನಿದ್ದಾಗ ನಾನು ವಾಲ್ ಮುಟ್ಟುತ್ತಿರಲಿಲ್ಲ, ನೀರು ಧೋ ಎಂದು ಬೀಳುತ್ತಿತ್ತು. ಕೊನೆಗೆ ನನ್ನ ಗಂಡ ರತ್ನದೀಪ ಹುಮನಾಬಾದಿನಿಂದ ಯುನೂಸನನ್ನು ಕರೆತಂದ. ರತ್ನದೀಪ ಕೆಲಸ ಮಾಡುವ ಕಾರ್ಖಾನೆಯಲ್ಲಿ ಬಾಯ್ಲರ್ ಪೈಪು ನೋಡಿಕೊಳ್ಳುವವನು.

ಯುನೂಸ್ ನಲ್ಲಿಯ ಹತ್ತಿರವೂ ಹೋಗಲಿಲ್ಲ.

"ನಿಮ್ಮ ನೀರು ನಿಂತಾಗ ಮ್ಯಾಲಿನ ಬಚ್ಚಲದಾಗ ಬರತಾವೇನ್ರಿ ಅಮ್ಮಾ?"

"ಬರತಾವ," ಎಂದಳು ಅತ್ತೆ.

ಅವನು ಮಾಳಿಗೆ ಹತ್ತಿದ, ಹಿಂದೆ ನಾನೂ ಹತ್ತಿದೆ. ಮೇಲಿನ ಬಚ್ಚಲಿನ ವಾಲ್ ಸವಳು ನೀರಿನ ಉಪ್ಪು ಕಟ್ಟಿ, ಪಾನಾ ಹಾಕಿ ತಿರುಗಿಸಿದರೂ ಅಲುಗಲಿಲ್ಲ. ಕೆಳಗಿನದು ಒಂದೇ ಬೆರಳಿಗೆ ತಿರುಗಿತು. ಯುನೂಸ್ ನನ್ನ ಮುಖ ನೋಡಿದ. ಕೆಳಗಿಳಿದು ಬಂದು ಎಲ್ಲರೆದುರು ಹೇಳಿದ: "ಪೈಪಿಗಿ ಏನೂ ಆಗಿಲ್ರಿ. ಯಾರೋ ಬಂದ್ ಮಾಡಾಕತ್ತಾರ."

"ನಾನೇ," ಎಂದೆ.

"ಯಾಕ?" ರತ್ನದೀಪ ಬಾಯಿ ಬಿಟ್ಟ.

"ನಿಮ್ಮ ಅವ್ವಗ ಕೇಳ್ರಿ. ಆ ಹಂಡೆ ಖರೇನ ಸೋರತಿತ್ತೇನು?"

ಹೊರಗಿನ ಗಂಡಸಿನ ಮುಂದೆ ಈ ಪ್ರಶ್ನೆ ಬರುತ್ತದೆಂದು ಅತ್ತೆ ಎಣಿಸಿರಲಿಲ್ಲ. ಹೊದ್ದಿದ್ದ ಕೌದಿಯ ಅಂಚು ಎಳೆದುಕೊಂಡಳು.

"ಸೋರತಿದ್ದಿಲ್ಲ," ಎಂದಳು. "ದಿನಾ ನೀರು ಕಾಸೂದು ಬ್ಯಾಸರಾಗಿತ್ತು. ನಿಂಗ ತಾಯಿ ಇದ್ದಿಲ್ಲ. ಯಾಕ ಅಂತ ಬಂದು ಕೇಳೋರು ಯಾರಿದ್ರು?"

ಬ್ಯಾಸರ! ಹನ್ನೊಂದು ವರ್ಷ ನಾನು ಅವಳ ಹೊಟ್ಟೆಯಲ್ಲಿ ದ್ವೇಷ ಹುಡುಕಿದ್ದೆ. ದ್ವೇಷಿಸುವಷ್ಟು ಕೂಡ ಅವಳು ನನ್ನನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಈ ಮಾತು ಹೊರಬಿದ್ದರೆ ಮನಸ್ಸು ಹಗುರಾದೀತು ಎಂದುಕೊಂಡಿದ್ದೆ, ಮೈಯೆಲ್ಲ ಉರಿಯಿತು.

ಯುನೂಸ್ ಮೆಲ್ಲಗೆ ಕೇಳಿದ: "ಅಕ್ಕಾ, ವಾಲ್ ಚಾಲೂ ಇಟ್ಟು ಹಿಡಿಕಿ ತಗದುಬಿಡ್ಲೇನ್ರಿ? ಮುಂದ ಯಾರಿಗೂ ಬಂದ್ ಮಾಡಾಕ ಬರಂಗಿಲ್ಲ."

"ಬಂದ್ ಮಾಡಿ ತಗೀರಿ ಭಾಯ್. ಹಿಡಿಕಿ ನಂಗ ಕೊಡ್ರಿ."

ಅವನು ರತ್ನದೀಪನತ್ತ ನೋಡಿದ. ರತ್ನದೀಪ ತನ್ನ ಅವ್ವನನ್ನು ನೋಡಿದ, ನನ್ನನ್ನು ನೋಡಿದ. ಯುನೂಸ್ ಮಾಳಿಗೆ ಹತ್ತಿ ವಾಲ್ ಬಂದ್ ಮಾಡಿ, ಹಿಡಿಕೆ ತಂದು ನನ್ನ ಕೈಗಿಟ್ಟ.

"ನೀರು ಬೇಕಾದಾಗ ಕೇಳ್ರಿ ಅತ್ತಿ," ಎಂದೆ. "ಕೇಳಿದ್ರ ಬಿಡತೀನಿ."

ಮರುದಿನ ಬೆಳಿಗ್ಗೆ ಹಿಡಿಕೆ ಹಿಡಿದು ಮಾಳಿಗೆಯ ಮೇಲೆ ವಾಲಿನ ಪಕ್ಕ ನಿಂತಿದ್ದೆ. ಕೆಳಗಿನಿಂದ ಅತ್ತೆಯ ಸಣ್ಣ ದನಿ ಬಂತು: "ಸರಿತಾ, ನೀರು ಬಿಡವ್ವಾ."

ಚೆನ್ನಾಗಿಯೇ ಕೇಳಿಸಿತು. ಇನ್ನೊಮ್ಮೆ ಕೇಳಲಿ ಎಂದು ಸುಮ್ಮನೆ ನಿಂತೆ.